ಮಾವನ ತಂತಿ, ಅಳಿಯನ ಸೇತುವೆ

ನೀರು ಸರಬರಾಜು ಕಚೇರಿಯ ನಮ್ಮ ಗುಮಾಸ್ತರು ಒಳ್ಳೆಯವರು. ಯಾರಿಗೂ ಕೇಡು ಬಯಸಿದವರಲ್ಲ, ಕೌಂಟರಿನ ಮುಂದೆ ಸಾಲು ನಿಂತವರ ಮೇಲೆ ರೇಗಿದವರಲ್ಲ. ಅವರಲ್ಲಿ ಐಬು ಅಂತ ಇದ್ದದ್ದು ಒಂದೇ. ಅವರ ಎದುರಿಗೆ ಯಾರೂ ‘ಅದೆಲ್ಲ ನಿಮ್ಮ ಕೈಲಾಗೋ ಕೆಲಸ ಅಲ್ಲ ಬಿಡಿ’ ಅನ್ನಬಾರದಿತ್ತು. ಅಂದವರ ಪಾಡು ಹಾಗಿರಲಿ, ಅನ್ನಿಸಿಕೊಂಡ ಇವರ ಪಾಡು ಹೇಳತೀರದು. ಹಿಂದೊಮ್ಮೆ ಕೊಡೆ ರಿಪೇರಿಯ ವಿಷಯದಲ್ಲಿ ಯಾರೋ ಹಾಗಂದುಬಿಟ್ಟು, ಆ ಮಳೆಗಾಲವೆಲ್ಲ ಮನೆಮಂದಿ ನೆನೆದುಕೊಂಡೇ ಓಡಾಡಿದ್ದರು.

ಈ ಸಲ ಆ ಮಾತು ಅಂದವರು ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ. ದೊಡ್ಡ ಟಿವಿ ಅಂಗಡಿಯ ಮ್ಯಾನೇಜರು. ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ, ಮನೆಯಲ್ಲೂ ಎಲ್ಲರಿಗೂ ಏನನ್ನೋ ಮಾರುವ ಧಾಟಿಯಲ್ಲೇ ಮಾತಾಡುತ್ತಿದ್ದರು. ಭಾನುವಾರದ ಊಟಕ್ಕೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದ್ದರು.

ಮಾವನ ಮನೆ ಅಂದರೆ ದೂರವೇನಲ್ಲ. ಮನೆ ಒಂದೇ, ಅಂತಸ್ತು ಎರಡು. ಕೆಳಗೆ ಮಾವ, ಮೇಲೆ ಮಗಳು ಅಳಿಯ. ಇಂಟರ್ನೆಟ್ ಡಬ್ಬಿ ಇದ್ದದ್ದು ಮೇಲಿನ ಹಜಾರದ ಬಾಗಿಲಿನ ನೆತ್ತಿಯಲ್ಲಿ. ಹೆಂಡತಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು ಇದ್ದದ್ದು ಕೆಳಗೆ, ಅಪ್ಪನ ನಡುಕೋಣೆಯಲ್ಲಿ. ಮಧ್ಯೆ ಹಳೆಯ ಕಾಲದ ದಪ್ಪ ಕಲ್ಲಿನ ಗೋಡೆ. ಮೇಲಿನ ವೈಫೈ ಮೆಟ್ಟಿಲಿನ ತಿರುವಿನವರೆಗೆ ಹೇಗೋ ಇಳಿದು, ಅಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ.

ಇಷ್ಟು ದಿನ ಬರದಿದ್ದರೂ ನಡೆಯುತ್ತಿತ್ತು. ಈಗ ನಡೆಯುವಂತಿರಲಿಲ್ಲ. ದೊಡ್ಡ ಹೊಲಿಗೆ ಶಾಲೆಯೊಂದರಿಂದ ಹೆಂಡತಿಗೆ ಕರೆ ಬಂದಿತ್ತು. ಕತ್ತರಿ ಕೆಲಸ ಕಲಿಸುವ ಟೀಚರು ಬೇಕಾಗಿದ್ದಾರೆ, ಮುಂದಿನ ತಿಂಗಳ ಮೊದಲ ಭಾನುವಾರ ಇಂಟರ್ನೆಟ್ಟಿನಲ್ಲೇ ಒಂದು ಪಾಠ ಮಾಡಿ ತೋರಿಸಿ, ಮೆಚ್ಚಿಗೆಯಾದರೆ ಕೆಲಸ ನಿಮ್ಮದು ಅಂತ. ಮೊದಲೊಮ್ಮೆ ಆಕೆಗೆ ಇಂಥದೇ ಕೆಲಸ ಸಿಕ್ಕಿತ್ತು. ತಾಯಿ ಹಾಸಿಗೆ ಹಿಡಿದಾಗ ಬಿಟ್ಟು ಬಂದಿದ್ದಳು. ತಾಯಿ ಹೋದರು, ಕೆಲಸವೂ ಹೋಯಿತು, ಆಮೇಲೆ ಆಕೆ ಬೀದಿಯವರ ಹಳೆಯ ಬಟ್ಟೆ ಬಿಗಿ ಸಡಿಲ ಮಾಡಿಕೊಡುತ್ತ ಉಳಿದುಬಿಟ್ಟಳು. ಎರಡನೇ ಸಲ ಬಂದ ಅವಕಾಶ ಇದು. ಕೈ ತಪ್ಪಿದರೆ ಮೂರನೆಯದು ಬರುತ್ತೆ ಅಂತ ಆಕೆಗೆ ನಂಬಿಕೆ ಇರಲಿಲ್ಲ.

“ಅದಕ್ಯಾಕೆ ಇಷ್ಟು ಯೋಚನೆ? ಕಂಪನಿಯವರಿಗೆ ಒಂದು ಫೋನ್ ಹಾಕಿ, ಬಂದು ತಂತಿ ಎಳೆದುಕೊಟ್ಟು ಹೋಗ್ತಾರೆ,” ಅಂದರು ಷಡ್ಡಕರು, ಬಾಯ್ತುಂಬ ಅನ್ನ ಇಟ್ಟುಕೊಂಡು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. “ಇದೆಲ್ಲ ನಿಮ್ಮ ಕೈಲಾಗೋ ಕೆಲಸ ಅಲ್ಲ ಬಿಡಿ.”

ಹೆಂಡತಿ ನೀರಿನ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು.

“ತಂತಿ ಯಾರು ಬೇಕಾದ್ರೂ ಎಳೀತಾರೆ ಭಾವ,” ಅಂದರು ಗುಮಾಸ್ತರು ಬಹಳ ಮೆಲ್ಲಗೆ. “ನಾನು ಸೇತುವೆ ಕಟ್ತೀನಿ.”

“ಏನು ಕಟ್ತೀರಾ?”

“ಸೇತುವೆ. ಒಂದು ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು ಹಾಕ್ತೀನಿ. ಒಂದರಲ್ಲಿ ಮೇಲಿನ ಮನೆ, ಇನ್ನೊಂದರಲ್ಲಿ ಕೆಳಗಿನ ಮನೆ. ಮಧ್ಯೆ ಯಂತ್ರ ನಿಂತು ಈ ಕಡೆಯದು ಆ ಕಡೆಗೆ, ಆ ಕಡೆಯದು ಈ ಕಡೆಗೆ ದಾಟಿಸುತ್ತೆ. ದೊಡ್ಡ ದೊಡ್ಡ ಆಫೀಸುಗಳಲ್ಲಿ ಹೀಗೇ ಮಾಡೋದು.”

“ಮಧ್ಯೆ ಯಾರೂ ನಿಲ್ಲದೆ ನೇರ ಒಂದು ತಂತಿ ಬಂದ್ರೆ ಆಗಲ್ವೇನ್ರೀ?” ಅಂದಳು ಹೆಂಡತಿ.

ಗುಮಾಸ್ತರು ಆಕೆಯ ಕಡೆ ನೋಡಿದ ನೋಟದಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು. ಆ ಪ್ರಶ್ನೆಗೆ ಉತ್ತರ ಮಾತ್ರ ಅವರು ಆವತ್ತೂ ಹೇಳಲಿಲ್ಲ, ಮುಂದೆ ಬಹಳ ದಿನವೂ ಹೇಳಲಿಲ್ಲ.

ಮಾವನೊಬ್ಬರಿಗೆ ಮಾತ್ರ ಹಿಗ್ಗೋ ಹಿಗ್ಗು. ಅವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಆಯುಷ್ಯವೆಲ್ಲ ಕಂಬ ಹತ್ತಿ ಇಳಿದವರಿಗೆ, ಅಳಿಯನೂ ತಂತಿಯ ಲೋಕಕ್ಕೆ ಕಾಲಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಸಂಜೆ ಪಾರ್ಕಿನಲ್ಲಿ ಕೂತವರಿಗೆಲ್ಲ “ನಮ್ಮ ಅಳಿಯಂದ್ರು ಸೇತುವೆ ಕಟ್ತಿದಾರೆ” ಅಂತ ಹೇಳಿಬಂದರು. ಎಲ್ಲಿ, ಯಾವ ನದಿಗೆ ಅಂತ ಒಬ್ಬರು ಕೇಳಿದ್ದಕ್ಕೆ ಅವರ ಜೊತೆ ಮಾತು ಬಿಟ್ಟರು.

ಯಂತ್ರ ಬಂತು. ಗುಮಾಸ್ತರ ಕಚೇರಿಯಲ್ಲಿ ಮೂಲೆಗೆ ಬಿದ್ದು ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರು. ಅದಕ್ಕೆ ಅವರು ಯುನಿಕ್ಸ್ ವಂಶದ ಒಂದು ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ತುಂಬಿದರು. ಎರಡು ಕಾರ್ಡು ಕೂರಿಸಿದರು. ಪುಸ್ತಕದಲ್ಲಿ ನೋಡಿಕೊಂಡು ಒಂದೊಂದೇ ಆಜ್ಞೆ ಟೈಪು ಮಾಡಿದರು. ಹಜಾರದ ಡಬ್ಬಿಗೆ ತಂತಿ ಸಿಕ್ಕಿಸಬೇಕಾದಾಗ ಮಾತ್ರ ತಡವರಿಸಿದರು. ಸ್ಟೂಲ್ ಹತ್ತಿದರೆ ಅವರಿಗೆ ತಲೆ ಸುತ್ತುತ್ತಿತ್ತು. ಈ ಮಾತು ಷಡ್ಡಕರಿಗೆ ಗೊತ್ತಿರಲಿಲ್ಲ, ಮಾವನಿಗೆ ಗೊತ್ತಿತ್ತು.

“ಸರಕೊಳ್ಳಿ ಅಳಿಯಂದ್ರೇ,” ಅಂತ ಮಾವ ಆ ವಯಸ್ಸಿನಲ್ಲೂ ಸರಸರ ಹತ್ತಿ ಸಿಕ್ಕಿಸಿಕೊಟ್ಟರು. ಯಂತ್ರದ ಇನ್ನೊಂದು ತಂತಿಯನ್ನು ಮೆಟ್ಟಿಲ ಪಕ್ಕದಲ್ಲೇ ಇಳಿಸಿ, ಕೆಳಗೆ ಮೆಟ್ಟಿಲಡಿಯ ಉಗ್ರಾಣದ ಅಟ್ಟದ ಮೇಲಿಟ್ಟಿದ್ದ, ಹಲವು ತಂತಿ ಕೂಡಿಸುವ ಸಣ್ಣ ಪೆಟ್ಟಿಗೆಗೆ ಸೇರಿಸಿದರು. ಅಲ್ಲಿಂದ ಒಂದು ತಂತಿ ನಡುಕೋಣೆಯ ಮೇಜಿಗೆ ಹೋಯಿತು. ಎಲ್ಲ ಮುಗಿದ ಮೇಲೆ ಮಾವ ಕೈ ಒರೆಸಿಕೊಳ್ಳುತ್ತ ಕೇಳಿದರು.

“ಸ್ಪೇರ್ ಲೈನ್ ಎಲ್ಲಿ?”

“ಯಾವ ಸ್ಪೇರ್ ಲೈನು ಮಾವ?”

“ಒಂದು ಕೆಟ್ರೆ ಇನ್ನೊಂದು ಇರಬೇಕಲ್ಲ. ನಮ್ಮ ಕಾಲದಲ್ಲಿ ಆಸ್ಪತ್ರೆಗೆ, ಫೈರ್ ಸ್ಟೇಷನ್ನಿಗೆ ಯಾವತ್ತೂ ಎರಡು ಲೈನ್ ಎಳೀತಿದ್ವಿ. ಒಂದೇ ಎಳೆದ್ರೆ ಸಾಹೇಬ್ರು ಕಂಬದ ಮೇಲಿಂದ ಇಳಿಯೋಕೇ ಬಿಡ್ತಿರಲಿಲ್ಲ.”

“ಅದು ಟೆಲಿಫೋನು ಮಾವ. ಇದು ಸೇತುವೆ. ಇದಕ್ಕೆ ಸ್ಪೇರ್ ಬೇಡ.”

ಮಾವ “ಹೌದಾ” ಅಂದರು. ಅಷ್ಟು ಬೇಗ ಒಪ್ಪಿಕೊಂಡದ್ದನ್ನು ಕಂಡು ಗುಮಾಸ್ತರಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಗೆದ್ದ ಮನುಷ್ಯ ಅದನ್ನೆಲ್ಲ ಎಲ್ಲಿ ಗಮನಿಸುತ್ತಾನೆ! ಕೆಳಗೆ ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬಂದಿತ್ತು, ಪಕ್ಕದ ಮನೆಯ ಲೆಕ್ಕದ ಟೀಚರಮ್ಮ ನೋಡಲು ಬಂದು “ಪರವಾಗಿಲ್ಲ ಕಣ್ರೀ” ಅಂದಿದ್ದರು. ರಿಟೈರಾಗುವವರೆಗೆ ಯಾವ ವಿದ್ಯಾರ್ಥಿಗೂ ಅವರು ಆ ಮಾತು ಹೇಳಿದವರಲ್ಲ.

ಮರುದಿನ ಸಂಜೆ ಮೊದಲ ತಾಲೀಮು. ಹೆಂಡತಿ ಕೆಳಗೆ ಮೇಜಿನ ಮುಂದೆ ಕತ್ತರಿ ಹಿಡಿದು ನಿಂತಳು. ಅತ್ತ ಕಡೆ ಷಡ್ಡಕರ ಮನೆಯಲ್ಲಿ ಆಕೆಯ ಅಕ್ಕ ವಿದ್ಯಾರ್ಥಿನಿಯ ಹಾಗೆ ಫೋನ್ ಮುಂದೆ ಕೂತಳು. ಗುಮಾಸ್ತರು ಮೇಲೆ ಯಂತ್ರದ ಎದುರು ಎದೆ ಸೆಟೆಸಿಕೊಂಡು ಕಾವಲು ಕೂತರು. “ಮೊದಲು ಬಟ್ಟೆಯ ಎಳೆ ಯಾವ ಕಡೆ ಓಡ್ತಿದೆ ನೋಡ್ಕೋಬೇಕು” ಅಂತ ಹೆಂಡತಿ ಶುರು ಮಾಡಿದ್ದಳಷ್ಟೇ. ಅಕ್ಕನ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಮೇಲೆ ಯಂತ್ರದ ಪರದೆ ಕಪ್ಪಾಯಿತು, ಅದರ ತುಂಬ ಬಿಳಿ ಅಕ್ಷರಗಳು ಸುರಿದವು, ಕೊನೆಯ ಸಾಲಿನಲ್ಲಿ ‘ಕರ್ನೆಲ್ ಪ್ಯಾನಿಕ್’ ಅಂತ ಬಂದು ಎಲ್ಲ ಸ್ತಬ್ಧವಾಯಿತು.

ಕರ್ನೆಲ್ ಅಂದರೆ ಯಂತ್ರದೊಳಗಿನ ಯಜಮಾನ. ಯಾರಿಗೆ ಏನು ಕೆಲಸ, ಯಾರ ಸರದಿ ಯಾವಾಗ ಅಂತ ಹಂಚುವವನು. ಅವನೇ ‘ನನಗೆ ದಿಕ್ಕು ತೋಚುತ್ತಿಲ್ಲ’ ಅಂತ ಕೈಚೆಲ್ಲಿ ಕೂತದ್ದಕ್ಕೆ ಆ ಹೆಸರು. ಇದನ್ನೆಲ್ಲ ಗುಮಾಸ್ತರು ಓದಿ ತಿಳಿದಿದ್ದರು. ಆದರೆ ಆ ಗಳಿಗೆಯಲ್ಲಿ ಓದಿದ್ದು ಒಂದೂ ನೆನಪಾಗಲಿಲ್ಲ.

“ಹೋಯ್ತು!” ಅಂತ ಚೀರಿದರು. “ಹೋಯ್ತು! ಅಯ್ಯೋ, ಹೋಯ್ತು!”

ಆ ಕೂಗಿಗೆ ಟೀಚರಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿಬಂದರು. ಎದುರು ಮನೆಯ ನಾಯಿ ಬೊಗಳಿತು. ಮಾವ ಉಗ್ರಾಣದ ಕಡೆಯಿಂದ ಏದುಸಿರು ಬಿಡುತ್ತ ಬಂದು “ಏನಾಯ್ತು, ಏನಾಯ್ತು” ಅಂದರು. ಹೆಂಡತಿ ಮಾತ್ರ ಕತ್ತರಿ ಮೇಜಿನ ಮೇಲಿಟ್ಟು ಕೂತಳು. ಯಂತ್ರ ಆರಿಸಿ ಹಾಕಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಎದ್ದು ಕೂತಿತು. ಇಂಟರ್ನೆಟ್ ಬಂತು. ಆಕೆ ಮತ್ತೆ ಕತ್ತರಿ ಎತ್ತಿಕೊಂಡು ಅಕ್ಕನನ್ನು ಕರೆದಳು. ‘ಬಟ್ಟೆಯ ಎಳೆ’ ಅನ್ನುವಷ್ಟರಲ್ಲಿ ಮತ್ತೆ ಹೋಯಿತು. ಗುಮಾಸ್ತರು ಮತ್ತೆ ಕೂಗಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ದಿನಾ ಸಂಜೆ ಇದೇ ಗೋಳು. ವಿಚಿತ್ರ ಅಂದರೆ, ಹೆಂಡತಿ ಕೆಳಗೆ ಇಲ್ಲದಾಗ ಯಂತ್ರ ಇಡೀ ದಿನ ಗುಂಯ್ ಅಂತ ನೆಮ್ಮದಿಯಾಗಿ ಓಡುತ್ತಿತ್ತು. ಆಕೆ ಪಾಠಕ್ಕೆ ನಿಂತ ಕೂಡಲೇ ಬೀಳುತ್ತಿತ್ತು.

“ನಿನ್ನ ಇಸ್ತ್ರಿಪೆಟ್ಟಿಗೆಯಿಂದಲೇ ಇದೆಲ್ಲ,” ಅಂದರು ಗುಮಾಸ್ತರು. ಇಸ್ತ್ರಿಪೆಟ್ಟಿಗೆ ಅಲ್ಮೆರಾ ಸೇರಿತು. ಆದರೂ ಬಿತ್ತು. ಆಮೇಲೆ ಟೀಚರಮ್ಮನ ಬಟ್ಟೆ ಒಗೆಯುವ ಮಷೀನಿನ ಮೇಲೆ ಅನುಮಾನ ತಿರುಗಿತು. ಗುಮಾಸ್ತರು ಅವರ ಬಾಗಿಲಿಗೆ ಹೋಗಿ ಸಂಜೆ ಹೊತ್ತು ಮಷೀನ್ ಹಾಕಬೇಡಿ ಅಂತ ಕೈಮುಗಿದು ಕೇಳಿಕೊಂಡರು.

“ನನ್ನ ಮಷೀನು ನನ್ನ ಗೋಡೆ ಒಳಗೆ ತಿರುಗುತ್ತೆ, ನಿಮ್ಮ ಮಷೀನು ನಿಮ್ಮ ಗೋಡೆ ಒಳಗೆ ಸಾಯುತ್ತೆ. ಇದಕ್ಕೂ ಅದಕ್ಕೂ ಏನ್ರೀ ಸಂಬಂಧ? ಸಾಧಿಸಿ ತೋರಿಸಿ ನೋಡೋಣ,” ಅಂದರು ಟೀಚರಮ್ಮ. ಸಾಧಿಸಲಾಗಲಿಲ್ಲ. ಆದರೂ ಪಾಪ, ಆ ಹುಡುಗಿಯ ಕೆಲಸದ ಪ್ರಶ್ನೆ ಅಂತ ಸಂಜೆ ಮಷೀನ್ ಹಾಕುವುದನ್ನು ನಿಲ್ಲಿಸಿದರು. ಅದಕ್ಕೂ ಯಂತ್ರ ಕ್ಯಾರೇ ಅನ್ನಲಿಲ್ಲ.

ಹೆಂಡತಿ ಗುಟ್ಟಾಗಿ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು. ಕಂಪನಿಯವನು ಹೆಗಲಿಗೆ ಚೀಲ ಹಾಕಿಕೊಂಡು ಬೆಳಗ್ಗೆ ಬಂದ. ಡಬ್ಬಿ ನೋಡಿದ, ಚೆನ್ನಾಗಿದೆ ಅಂದ. ಆಮೇಲೆ ಗುಮಾಸ್ತರ ಯಂತ್ರದ ಸುತ್ತ ಒಂದು ಸಲ ಸುತ್ತಿ ಬಂದು ತಲೆ ಕೆರೆದುಕೊಂಡ.

“ಈ ಕಂಪ್ಯೂಟರ್ ಮಧ್ಯದಲ್ಲಿ ಯಾಕೆ ಸಾರ್?”

“ಅದು ಸೇತುವೆ.”

“ಅದು ಸರಿ ಸಾರ್. ಯಾಕೆ ಅಂತ?”

“ನೀವಿನ್ನು ಹೊರಡಬಹುದು,” ಅಂದರು ಗುಮಾಸ್ತರು. ಅವನು ಕುಡಿಯುತ್ತಿದ್ದ ಟೀ ಅರ್ಧಕ್ಕೇ ಬಿಟ್ಟು ಹೋದ. ಹೆಂಡತಿ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು.

ಉಳಿದದ್ದು ಒಂದೇ ದಾರಿ. ಈ ಬಿಟ್ಟಿ ಸಿಸ್ಟಮ್ ಬಳಸುವವರೆಲ್ಲ ಇಂಟರ್ನೆಟ್ಟಿನ ಒಂದು ಕಟ್ಟೆಯಲ್ಲಿ ಸೇರಿ, ತಮ್ಮ ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಅಲ್ಲಿ ‘ಮುದಿಗೂಬೆ’ ಅಂತ ಹೆಸರಿಟ್ಟುಕೊಂಡಿದ್ದ ಒಬ್ಬ ಯಾರಿಗೂ ಮುಲಾಜು ನೋಡದೆ ಉತ್ತರ ಕೊಡುತ್ತಿದ್ದ. ಗುಮಾಸ್ತರು ಯಂತ್ರ ಸಾಯುವ ಹೊತ್ತಿಗೆ ಪರದೆಯ ಫೋಟೋ ತೆಗೆದು ಅವನಿಗೆ ಕಳಿಸಿದರು. ಮೊದಲ ಫೋಟೋದಲ್ಲಿ ಅವರ ಹೆಬ್ಬೆರಳೊಂದೇ ಕಾಣುತ್ತಿತ್ತು, ಎರಡನೆಯದು ಸರಿ ಬಂತು. ಗೂಬೆ ಬರೆದ:

‘ಕರ್ನೆಲ್ಲಿನದು ತಪ್ಪಿಲ್ಲ. ನಿಮ್ಮ ನೆಟ್‌ವರ್ಕಿನಲ್ಲಿ ಒಂದೇ ಮಾತು ಸುತ್ತಿ ಸುತ್ತಿ ಬರುತ್ತಿದೆ. ಕೆಳಗೆ ಹೋದದ್ದು ಬೇರೆ ದಾರಿಯಿಂದ ಮೇಲೆ ಬಂದು ಮತ್ತೆ ಕೆಳಗೆ ಹೋಗುತ್ತಿದೆ. ನಿಮ್ಮ ಹಳೇ ಕಾರ್ಡು ಆ ಪ್ರವಾಹ ತಡೆಯಲಾರದೆ ಯಜಮಾನನನ್ನೂ ಎಳೆದುಕೊಂಡು ಬೀಳುತ್ತಿದೆ. ಎರಡನೇ ತಂತಿ ಎಲ್ಲಿದೆ ಹುಡುಕಿ. ಇಲ್ಲದಿದ್ದರೆ ಸೇತುವೆಯ ಎಸ್‌ಟಿಪಿ ಅನ್ನೋ ಬುದ್ಧಿಯನ್ನ ಆನ್ ಮಾಡಿ. ಎರಡು ದಾರಿ ಕಂಡರೆ ಒಂದನ್ನು ಅದೇ ಮುಚ್ಚುತ್ತೆ, ಇನ್ನೊಂದು ಕೆಟ್ಟರೆ ಮತ್ತೆ ತೆರೆಯುತ್ತೆ.’

ಗುಮಾಸ್ತರಿಗೆ ಸಿಟ್ಟು ನೆತ್ತಿಗೇರಿತು. ‘ನಮ್ಮ ಮನೆಯಲ್ಲಿ ಎರಡನೇ ತಂತಿ ಇಲ್ಲ. ಸೇತುವೆ ಕಟ್ಟಿದವನು ನಾನು, ನನಗೆ ಗೊತ್ತಿಲ್ವೇ?’ ಅಂತ ಬರೆದರು.

‘ಹಾಗಾದರೆ ದೇವರೇ ಕಾಪಾಡಲಿ,’ ಅಂತ ಬರೆದು ಗೂಬೆ ಸುಮ್ಮನಾದ.

ಭಾನುವಾರ ಬಂದೇಬಿಟ್ಟಿತು. ಷಡ್ಡಕರು ಕರೆಯದಿದ್ದರೂ ಹೊಸ ಷರ್ಟು ಹಾಕಿಕೊಂಡು ಬಂದು ನಡುಕೋಣೆಯ ಹಿಂದಿನ ಕುರ್ಚಿಯಲ್ಲಿ ಕೂತರು. ಟೀಚರಮ್ಮ ತಮ್ಮ ಮನೆಯ ಎಲ್ಲ ಮಷೀನುಗಳನ್ನೂ ಆರಿಸಿ ಬಂದು ಬಾಗಿಲ ಬಳಿ ನಿಂತರು. ಹೆಂಡತಿ ಗಂಡನನ್ನು ಮೆಟ್ಟಿಲ ಬಳಿಗೆ ಕರೆದಳು.

“ನೋಡ್ರೀ, ಬಿದ್ರೆ ಬೀಳಲಿ. ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಇವತ್ತು ನೀವು ಬಾಯಿ ಬಿಚ್ಚಕೂಡದು. ಆ ಕಡೆ ಶಾಲೆಯ ಮೇಡಮ್ಮುಗಳು ಕೂತಿರ್ತಾರೆ. ಮೇಲಿಂದ ನೀವು ‘ಹೋಯ್ತು’ ಅಂತ ಕಿರುಚಿದ್ರೆ ಯಾರ ಮನೇಲಿ ಏನಾಯ್ತೋ ಅಂತ ಎದ್ದುಹೋಗ್ತಾರೆ. ನನ್ನ ಮೇಲೆ ಆಣೆ ಇಡಿ.”

ಗುಮಾಸ್ತರು ಆಣೆ ಇಟ್ಟರು. ಅಷ್ಟು ಸಾಲದು ಅಂತ ಮೇಲೆ ಹೋಗಿ ಒಂದು ಕರವಸ್ತ್ರ ಮಡಿಸಿ ಬಾಯಿಗೆ ತುರುಕಿಕೊಂಡು ಯಂತ್ರದ ಮುಂದೆ ಕೂತರು.

ಪಾಠ ಶುರುವಾಯಿತು. ಕೆಳಗಿನಿಂದ ಹೆಂಡತಿಯ ಧ್ವನಿ ಕೇಳಿಸುತ್ತಿತ್ತು, ಮೊದಲು ಸ್ವಲ್ಪ ನಡುಗಿ ಆಮೇಲೆ ಗಟ್ಟಿಯಾಗಿ. “ಬಟ್ಟೆಯ ಎಳೆ ಯಾವ ಕಡೆ ಓಡ್ತಿದೆ ಅಂತ ಮೊದಲು ನೋಡ್ಕೋಬೇಕು. ಎಳೆಗೆ ವಿರುದ್ಧ ಕತ್ತರಿಸಿದ್ರೆ ಹೊಲಿಗೆ ಎಷ್ಟು ಚೆನ್ನಾಗಿದ್ರೂ ಉಡುಪು ಒಂದು ಕಡೆ ಜೋಲುತ್ತೆ.” ಗುಮಾಸ್ತರು ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ನೋಡುತ್ತಿದ್ದ ಹಾಗೇ ಅದು ಕಪ್ಪಾಯಿತು. ಬಿಳಿ ಅಕ್ಷರಗಳು ಸುರಿದವು. ಯಜಮಾನ ಕೈಚೆಲ್ಲಿದ.

ಕರವಸ್ತ್ರದ ಹಿಂದೆ ‘ಹೋಯ್ತು’ ಅನ್ನುವುದು ಎದ್ದು ಬಂದು ಗಂಟಲಲ್ಲೇ ಸಿಕ್ಕಿಕೊಂಡಿತು. ಗುಮಾಸ್ತರು ಎದ್ದು ನಿಂತರು, ಕೂತರು, ಎರಡೂ ಕೈ ಗಾಳಿಯಲ್ಲಿ ಆಡಿಸಿದರು. ಹೆಂಡತಿಯ ಎರಡನೇ ಅವಕಾಶವನ್ನು ತಮ್ಮ ಕೈಯಾರೆ ಮುಗಿಸಿದಂತಾಯಿತಲ್ಲ ಅನ್ನಿಸಿ ಕಣ್ಣು ತುಂಬಿ ಬಂತು. ಕಾಲಿಗೆ ಕಾಲು ತಾಗಿಸಿಕೊಳ್ಳುತ್ತ ಮೆಟ್ಟಿಲಿಳಿದರು, ಹೋಗಿ ಆಕೆಯ ಮುಂದೆ ತಪ್ಪಾಯಿತು ಅನ್ನೋಣ ಅಂತ.

ಇಳಿದು ನಡುಕೋಣೆಯೊಳಗೆ ಇಣುಕಿದರೆ, ಹೆಂಡತಿ ಪಾಠ ಮಾಡುತ್ತಿದ್ದಳು!

ಲ್ಯಾಪ್‌ಟಾಪಿನ ಪರದೆಯಲ್ಲಿ ಮೇಡಮ್ಮುಗಳು ತಲೆದೂಗುತ್ತಿದ್ದರು. ಒಬ್ಬರು “ಒಂದು ಗಳಿಗೆ ನಿಮ್ಮ ಚಿತ್ರ ನಿಂತುಹೋಗಿತ್ತು, ಈಗ ಸರಿ ಇದೆ, ಮುಂದುವರಿಸಿ” ಅಂದರು. ಹೆಂಡತಿ ನಗುತ್ತ ತೋಳಿನ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದಳು. ಷಡ್ಡಕರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಟೀಚರಮ್ಮ ಮೈಯೆಲ್ಲ ಕಿವಿಯಾಗಿ ನಿಂತಿದ್ದರು. ಗುಮಾಸ್ತರು ಮೇಲೆ ನೋಡಿದರು, ಕೆಳಗೆ ನೋಡಿದರು. ಯಂತ್ರ ಸತ್ತಿದೆ, ಸೇತುವೆ ಬಿದ್ದಿದೆ, ಇಂಟರ್ನೆಟ್ ಮಾತ್ರ ದಾಟಿ ಬರುತ್ತಿದೆ. ಯಾವ ದಾರಿಯಿಂದ?

ಮೇಜಿನಿಂದ ಹೊರಟ ತಂತಿಯನ್ನು ಕಣ್ಣಲ್ಲೇ ಹಿಂಬಾಲಿಸಿ ಉಗ್ರಾಣದ ಬಾಗಿಲಿಗೆ ಬಂದರು. ಮೆಲ್ಲಗೆ ತಳ್ಳಿದರು. ಒಳಗೆ, ಸ್ಟೂಲಿನ ಮೇಲೆ, ಅಟ್ಟದ ಪೆಟ್ಟಿಗೆಗೆ ಕೈ ಚಾಚಿಕೊಂಡು ಮಾವ ನಿಂತಿದ್ದರು. ಅವರ ಹೆಬ್ಬೆರಳ ತುದಿಯಲ್ಲಿ ಗುಮಾಸ್ತರು ಕಂಡೇ ಇರದ ಒಂದು ತಂತಿ. ಅದು ಗೋಡೆಯ ತೂತಿನಿಂದ, ಹಳೆಯ ಟೆಲಿಫೋನ್ ತಂತಿಯ ಬೆನ್ನಿಗೆ ಅಂಟಿಕೊಂಡು, ಕಣ್ಣಿಗೆ ಬೀಳದಷ್ಟು ನೀಟಾಗಿ ಮೇಲಿನ ಹಜಾರದ ಡಬ್ಬಿಯಿಂದ ನೇರ ಇಳಿದು ಬಂದಿತ್ತು.

ಮಾವ ಅಳಿಯನನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ,” ಅಂದರು ಪಿಸುದನಿಯಲ್ಲಿ. “ನಿಮ್ಮ ಸೇತುವೆ ಮೇಲೆ ಅನುಮಾನ ಅಂತ ಅಲ್ಲ. ಸ್ಪೇರ್ ಇಲ್ದೆ ನನಗೆ ನಿದ್ದೆ ಬರಲ್ಲ. ಹಾಗಾಗಿ ಒಂದು ಎಳೆದಿಟ್ಟೆ.”

ಗುಮಾಸ್ತರು ಬಾಯಿಂದ ಕರವಸ್ತ್ರ ತೆಗೆದರು. “ದಿನಾ ಸಂಜೆ ಸಿಕ್ಕಿಸ್ತಿದ್ರಾ?”

“ಪಾಠ ಶುರುವಾದ ಕೂಡಲೇ ಬಂದು ಸಿಕ್ಕಿಸ್ತಿದ್ದೆ. ಏನು ಗ್ರಹಚಾರವೋ, ನಾನು ಸಿಕ್ಕಿಸೋದೂ ನಿಮ್ಮದು ಬೀಳೋದೂ ಒಂದೇ ಹೊತ್ತಿಗೆ. ನಾನೇ ತಡ ಮಾಡ್ತಿದೀನಿ ಅಂತ ದಿನಾ ಇನ್ನಷ್ಟು ಬೇಗ ಬೇಗ ಸಿಕ್ಕಿಸಿದೆ.”

“ಆಮೇಲೆ?”

“ಆಮೇಲೆ ನೀವು ಕೂಗ್ತಿದ್ರಿ. ಇಳಿದು ಬಂದು ನೋಡಿದ್ರೆ ನೊಂದ್ಕೋತೀರಿ ಅಂತ ಕಿತ್ತು ಬಚ್ಚಿಡ್ತಿದ್ದೆ. ಇವತ್ತು ನೀವು ಕೂಗಲಿಲ್ಲ, ಹಾಗಾಗಿ ಕೀಳಲಿಲ್ಲ. ದಿನಾ ಸಿಕ್ಕಿಸಿ ಕಿತ್ತು ಇದರ ಕೊಂಡಿ ಮುರಿದುಹೋಗಿದೆ. ಕೈ ಬಿಟ್ರೆ ಜಾರುತ್ತೆ. ಅದಕ್ಕೇ ಒತ್ತಿ ಹಿಡ್ಕೊಂಡಿದೀನಿ.”

ಗುಮಾಸ್ತರಿಗೆ ಗೂಬೆಯ ಮಾತು ಒಂದೊಂದಾಗಿ ನೆನಪಾಯಿತು. ಎರಡು ದಾರಿ ಸೇರಿ ವೃತ್ತವಾಗಿ, ಒಂದೇ ಮಾತು ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಯಂತ್ರವನ್ನು ಕೊಲ್ಲುತ್ತಿತ್ತು. ಯಂತ್ರ ಸತ್ತ ಮೇಲೆ ವೃತ್ತ ಕಡಿದು, ಮಾವನ ತಂತಿಯೊಂದೇ ಇಂಟರ್ನೆಟ್ ಹೊತ್ತು ತರುತ್ತಿತ್ತು. ಅದನ್ನೂ ಇವರ ಕೂಗಿಗೆ ಹೆದರಿ ಮಾವ ಕಿತ್ತುಹಾಕುತ್ತಿದ್ದರು. ಅಂದರೆ ಇಷ್ಟು ದಿನ ಇವರು ಒಮ್ಮೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅದಕ್ಕೂ ಮೊದಲು ಹೆಂಡತಿ ಹೇಳಿದ ಹಾಗೆ ಒಂದು ತಂತಿ ಎಳೆದಿದ್ದರೂ ಸಾಕಿತ್ತು.

“ಮಾವ,” ಅಂದರು ಗುಮಾಸ್ತರು ಸಣ್ಣ ದನಿಯಲ್ಲಿ. “ಮೇಲೆ ಯಂತ್ರ ಸತ್ತುಬಿದ್ದಿದೆ. ಈಗ ನಡೀತಿರೋದೆಲ್ಲ ನಿಮ್ಮ ತಂತೀಲೇ.”

ಮಾವನ ಮುಖ ಬಿಳಿಚಿಕೊಂಡಿತು. ಅಳಿಯನ ಸೇತುವೆಗೆ ಒತ್ತಾಸೆಯಾಗಿ ಬೆರಳು ಕೊಟ್ಟಿದ್ದೇನೆ ಅಂದುಕೊಂಡಿದ್ದವರಿಗೆ, ಮಗಳ ಪಾಠವೆಲ್ಲ ತಮ್ಮ ಹೆಬ್ಬೆರಳಿನ ಮೇಲೆಯೇ ನಿಂತಿದೆ ಅಂತ ತಿಳಿದದ್ದು ಆಗ. ತಿಳಿದದ್ದೇ ತಡ, ತಂತಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದರು.

“ನಮ್ಮವಳ ಕಾಯಿಲೆಗೋಸ್ಕರ ಮಗಳು ಆ ಕೆಲಸ ಬಿಟ್ಟು ಬಂದ್ಲು,” ಅಂದರು. “ಬರಬೇಡ ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತು. ಈ ಸಲ ನನ್ನ ಮನೇಲೇ ನಿಂತು ಅದು ತಪ್ಪಬಾರದು ಅಳಿಯಂದ್ರೇ. ಆದ್ರೆ ಕೈ ಸೋಲ್ತಾ ಇದೆ.”

ನಡುಕೋಣೆಯಲ್ಲಿ ಹೆಂಡತಿ ಕುತ್ತಿಗೆಯ ಕತ್ತರಿಗೆ ಬಂದಿದ್ದಳಷ್ಟೇ. ಪಾಠ ಇನ್ನೂ ಬೇಕಾದಷ್ಟಿತ್ತು. ಉಗ್ರಾಣದ ಮೂಲೆಯಲ್ಲಿ ಇನ್ನೊಂದು ಸ್ಟೂಲ್ ಇತ್ತು. ಗುಮಾಸ್ತರು ಅದನ್ನು ನೋಡಿದರು. ಅದು ಅವರಿಗೆ ಕಂಬದಷ್ಟು ಎತ್ತರ ಕಂಡಿತು. ಆದರೂ ಎಳೆದು ತಂದರು, ಒಂದು ಕಾಲು ಇಟ್ಟರು, 'ಯಪ್ಪಾ' ಅಂತ ಉಸಿರಲ್ಲೇ ಅಂದುಕೊಂಡು ಇನ್ನೊಂದು ಕಾಲನ್ನೂ ಇಟ್ಟರು. ಉಗ್ರಾಣ ಗಿರ್ರನೆ ತಿರುಗಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೈ ಚಾಚಿದರು.

“ಇಲ್ಲಿ, ಇಲ್ಲಿ,” ಅಂತ ಮಾವ ಅವರ ಹೆಬ್ಬೆರಳನ್ನು ಹಿಡಿದು ತಂದು ತಮ್ಮ ಹೆಬ್ಬೆರಳಿನ ಜಾಗದಲ್ಲಿ ಇಟ್ಟರು. “ಒತ್ತಿ. ಜಾಸ್ತಿ ಬೇಡ. ಹಾಂ, ಅಷ್ಟೇ.”

ಮಾವ ತಮ್ಮ ಸ್ಟೂಲಿನಿಂದ ಇಳಿಯಲಿಲ್ಲ. ಅಳಿಯ ಬೀಳದ ಹಾಗೆ ಸೊಂಟ ಹಿಡಿದುಕೊಂಡು ನಿಂತರು. ಅಳಿಯನ ಕೈ ಸೋತಾಗ ಮಾವನ ಹೆಬ್ಬೆರಳು ಬಂತು, ಮಾವನದು ಸೋತಾಗ ಅಳಿಯನದು ಹೋಯಿತು. ಆಚೆ ಕೋಣೆಯಲ್ಲಿ ಕತ್ತರಿ ಕಚ್‌ಕಚ್ ಅನ್ನುತ್ತಿತ್ತು. ಯಾವಾಗಲೋ ಒಂದು ಹೊತ್ತಿನಲ್ಲಿ ಚಪ್ಪಾಳೆ ಕೇಳಿಸಿತು.

ಪಾಠ ಮುಗಿಸಿ ಹೆಂಡತಿ ಉಗ್ರಾಣದ ಬಾಗಿಲು ತೆರೆದಾಗ ಕಂಡದ್ದು ಇದು: ಎರಡು ಸ್ಟೂಲು, ಎರಡರ ಮೇಲೂ ಒಬ್ಬೊಬ್ಬರು, ಅಪ್ಪನ ತೆಕ್ಕೆಯಲ್ಲಿ ಗಂಡ, ಗಂಡನ ಕಣ್ಣು ಮುಚ್ಚಿದೆ, ಹೆಬ್ಬೆರಳು ಅಟ್ಟದ ಮೇಲಿದೆ. ಆಕೆ ಆ ಹೊಸ ತಂತಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದಳು.

“ಕೆಲಸ ಸಿಕ್ತು,” ಅಂದಳು. “ಇಳೀರಿ ಇಬ್ರೂ.”

ಇಬ್ಬರೂ ಒಟ್ಟಿಗೇ ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಷಡ್ಡಕರು ಬಂದೇಬಿಟ್ಟರು. “ಒಪ್ಕೊಂಡೆ ಕಣ್ರೀ! ನಿಮ್ಮ ಕೈಲಾಗಲ್ಲ ಅಂದಿದ್ದೆ, ಒಂದು ಸಲವೂ ಬೀಳಲಿಲ್ಲವಲ್ಲ! ಎಲ್ಲಿ, ಆ ಯಂತ್ರ ತೋರಿಸಿ ನೋಡೋಣ.”

“ಭಾವ, ಅದು ಏನಂದ್ರೆ...” ಅಂತ ಗುಮಾಸ್ತರು ಬಾಯಿ ತೆರೆದರು. ನಿಜ ಹೇಳಬೇಕು ಅಂತಲೇ ಇತ್ತು ಅವರಿಗೆ. ಆದರೆ ಷಡ್ಡಕರು ಆಗಲೇ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿದ್ದರು. ಹಿಂದೆಯೇ ಎಲ್ಲರೂ ಹೋದರು. ಯಂತ್ರ ಸತ್ತಲ್ಲೇ ಇತ್ತು, ಕಪ್ಪು ಪರದೆಯ ತುಂಬ ಬಿಳಿ ಅಕ್ಷರ. ಷಡ್ಡಕರು ಬಗ್ಗಿ ನೋಡಿದರು.

“ಏನ್ ಮಾವ ಇದು, ಇಷ್ಟೊಂದು ಬರೆದಿದೆ?”

“ಕೆಲಸ ಅಂದ್ರೆ ಸುಮ್ನೇನಾ?” ಅಂದರು ಮಾವ, ರೆಪ್ಪೆ ಬಡಿಯದೆ. “ಅಷ್ಟು ಹೊತ್ತು ದುಡಿದಿದೆ, ಲೆಕ್ಕ ಒಪ್ಪಿಸ್ತಿದೆ.”

ಟೀಚರಮ್ಮ ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಷಡ್ಡಕರು ಮೆಚ್ಚಿ ತಲೆದೂಗಿ, ಕರ್ನೆಲ್ ಪ್ಯಾನಿಕ್ಕಿನ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡರು.

ಅವತ್ತು ಸಂಜೆಯೇ ಗುಮಾಸ್ತರು ಗೂಬೆಗೆ ‘ಎರಡನೇ ತಂತಿ ಸಿಕ್ಕಿತು, ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಅಂತ ಬರೆದು, ಅವನು ಹೇಳಿದ ಬುದ್ಧಿಯನ್ನು ಸೇತುವೆಗೆ ತುಂಬಿದರು. ಮಾವ ತಮ್ಮ ತಂತಿಗೆ ಹೊಸ ಕೊಂಡಿ ಹಾಕಿ ಭದ್ರವಾಗಿ ಸಿಕ್ಕಿಸಿದರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಎರಡು ದಾರಿ ಇರುವುದನ್ನು ಕಂಡುಕೊಂಡು, ತನ್ನದೇ ಬಾಗಿಲನ್ನು ತಾನೇ ಮುಚ್ಚಿಕೊಂಡು, ಮಾವನ ತಂತಿಗೆ ದಾರಿ ಬಿಟ್ಟು ಸುಮ್ಮನೆ ಕೂತಿತು. ಆಮೇಲೆ ಒಂದು ದಿನವೂ ಬೀಳಲಿಲ್ಲ. ಕೆಲಸವೇ ಇಲ್ಲದವನು ಬೀಳುವುದಾದರೂ ಎಲ್ಲಿಂದ!

“ತಂತಿ ಇದ್ದ ಮೇಲೆ ಆ ಯಂತ್ರ ಯಾಕ್ರೀ ಇನ್ನೂ?” ಅಂತ ಒಂದು ದಿನ ಶಾಲೆಗೆ ಹೊರಡುವಾಗ ಹೆಂಡತಿ ಕೇಳಿದಳು.

“ಮಾವನ ಲೈನಿಗೆ ಸ್ಪೇರ್ ಬೇಡ್ವೇನೇ?” ಅಂದರು ಗುಮಾಸ್ತರು. ಆವತ್ತು ಊಟದ ಹೊತ್ತಿಗೆ ಆಕೆ ಕೇಳಿದ್ದ ಪ್ರಶ್ನೆಗೂ ಅವರು ಕೊನೆಗೆ ಉತ್ತರ ಕೊಟ್ಟಂತಾಯಿತು.

ಕೆಲವು ದಿನ ಬಿಟ್ಟು ಷಡ್ಡಕರ ಫೋನ್ ಬಂತು. ಅವರ ಅಂಗಡಿಯೂ ಎರಡು ಅಂತಸ್ತಂತೆ, ಕೆಳಗಿನ ಇಂಟರ್ನೆಟ್ ಮೇಲಕ್ಕೆ ಹತ್ತುತ್ತಿಲ್ಲವಂತೆ. “ಕಂಪನಿಯವನು ಬರೀ ತಂತಿ ಎಳೀತೀನಿ ಅಂತಾನೆ ಕಣ್ರೀ. ನನಗೆ ಅದೆಲ್ಲ ಬೇಡ. ನಿಮ್ಮ ಹಾಗೆ ಸೇತುವೆನೇ ಆಗಬೇಕು. ಯಾವಾಗ ಬರ್ತೀರಾ?”

ಗುಮಾಸ್ತರು ಫೋನಿಗೆ ಕೈ ಅಡ್ಡ ಹಿಡಿದು ಹಿಂತಿರುಗಿ ನೋಡಿದರು. ಮಾವ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

“ಬರ್ತೀವಿ ಅನ್ನಿ,” ಅಂದರು ಮಾವ. “ಯಂತ್ರ ನೀವು ತಗೊಳ್ಳಿ, ತಂತಿ ನಾನು ತರ್ತೀನಿ. ಅಲ್ಲಿ ಸ್ಟೂಲ್ ಎರಡು ಇದೆಯಾ ಅಂತ ಮಾತ್ರ ಮೊದಲೇ ಕೇಳಿಬಿಡಿ.”